ತೋಟದ ಬಸಿಗಾಲುವೆಯ ಈ ನೀರುಗಿಡ ಯಾವುದು? ಅಕ್ವೇರಿಯಂಗೆ ಹಾಕಿದರೆ ಕರಗಿ ಹೋಗುತ್ತಿದೆ

ತೋಟದಮನೆ (ಶಿರಸಿ ಹತ್ತಿರ), ಅಕ್ಟೋಬರ್ 12
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ 14 ಕಿ.ಮೀ. ಒಳಗಿನ ಹಳ್ಳಿ. ಮೇಲೆ ಅಡಿಕೆ ತೋಟ, ಕೆಳಗೆ ಗದ್ದೆ, ನಡುವೆ ಬಸಿಗಾಲುವೆ. ಮಳೆ ಮುಗಿದು ನೀರು ಇಳಿಯುವ ಹೊತ್ತಿಗೆ ಆ ಕಾಲುವೆಯ ಕೆಸರಲ್ಲಿ ಒಂದು ಗಿಡ ಚಾಪೆ ಹಾಸಿದ ಹಾಗೆ ಎದ್ದು ಬರುತ್ತದೆ. ಎಲೆ ಸುಮಾರು ಗೇಣುದ್ದ, ಅಗಲ ಹೆಬ್ಬೆರಳಿಗಿಂತ ಕಡಿಮೆ, ತುದಿ ಚೂಪು. ಕಾಂಡ ಕಾಣುವುದಿಲ್ಲ. ಎಲ್ಲ ಎಲೆಗಳೂ ಬುಡದಿಂದಲೇ ಬರುತ್ತವೆ. ಅತ್ತೆಯವರನ್ನು ಕೇಳಿದರೆ "ಕಾಲುವೆ ಹುಲ್ಲು" ಅಂದರು, ಅಷ್ಟೇ.

ಮಗ ಆರನೇ ತರಗತಿ. ಅವನ ಎರಡಡಿ ಅಕ್ವೇರಿಯಂಗೆ ಅಂತ ನಾಲ್ಕು ಗಿಡ ಬೇರು ಸಮೇತ ಕಿತ್ತು ತಂದೆವು. ಮೂರನೇ ದಿನ ಎಲೆ ಗಾಜಿನ ಹಾಗೆ ಪಾರದರ್ಶಕವಾಯಿತು. ಒಂದು ವಾರದಲ್ಲಿ ಲೋಳೆ. ಅಂಗಡಿಯಿಂದ ತಂದ ಎಂಟು ಸಣ್ಣ ಸಿಗಡಿಗಳೂ ಗಿಡ ಹಾಕಿದ ಮಾರನೇ ದಿನವೇ ಸತ್ತವು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನೀರು ಬೋರಿನದು. ಕೆಳಗೆ ಬಿಳಿ ಕಲ್ಲು ಹಾಕಿದ್ದೇವೆ. ಟ್ಯಾಂಕು ಕಿಟಕಿ ಪಕ್ಕ ಇದೆ. ಸ್ವಚ್ಛ ಇರಲಿ ಅಂತ ದಿನಾ ನೀರು ಬದಲಿಸಿದೆ. ಇದು ಯಾವ ಗಿಡ? ಬೆಳೆಸಲು ಆಗುತ್ತದಾ?

ಗಾಜಿನತೊಟ್ಟಿ (ಕುಮಟಾ), ಅಕ್ಟೋಬರ್ 12
ಇದು ವ್ಯಾಲಿಸ್ನೇರಿಯಾ. ಅಂಗಡಿಯಲ್ಲಿ 20 ರೂಪಾಯಿಗೆ ಒಂದು ಕಟ್ಟು ಸಿಗುತ್ತದೆ. ಸುಮ್ನೆ ಕಾಲುವೆಯಿಂದ ಯಾಕೆ ತಂದಿರಿ?

ಮಲೆಹಳ್ಳ (ಯಲ್ಲಾಪುರ), ಅಕ್ಟೋಬರ್ 12
ಮೊಬೈಲ್ ಆ್ಯಪ್‌ನಲ್ಲಿ ನಿಮ್ಮ ಫೋಟೊ ಹಾಕಿ ನೋಡಿದೆ. ಒಂದು ಸಲ ಸ್ಯಾಜಿಟೇರಿಯಾ ಅಂತು, ಇನ್ನೊಂದು ಸಲ ಯಾವುದೋ ಲಿಲ್ಲಿ ಅಂತು.

ಸಸ್ಯಶಾಲೆ (ಸಿದ್ದಾಪುರ), ಅಕ್ಟೋಬರ್ 12
ಆ್ಯಪ್ ಬಿಡಿ. ತೋಟದಮನೆಯವರೇ, ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ. ನಟ್ಟನಡುವೆ ದಪ್ಪ ನರ ಇದೆಯಾ? ಎಲೆ ಬುಡದ ಕಡೆ ಸಪೂರವಾಗುತ್ತಾ ತೊಟ್ಟಾಗುತ್ತದಾ? ಅಥವಾ ಬುಡದಿಂದ ತುದಿವರೆಗೆ ಟೇಪಿನ ಹಾಗೆ ಒಂದೇ ಅಗಲವಾ? ತುದಿಯ ಅಂಚನ್ನು ಬೆರಳಿನಿಂದ ಸವರಿ. ವ್ಯಾಲಿಸ್ನೇರಿಯಾ ಆದರೆ ಅಲ್ಲಿ ಬಲು ಸಣ್ಣ ಹಲ್ಲು ಇರುತ್ತದೆ.

ಇನ್ನೊಂದು ಮುಖ್ಯ. ಇನ್ನೂ ಬಿಚ್ಚದ ಎಳೆ ಎಲೆ ಹುಡುಕಿ. ಅದು ಹೇಗೆ ಸುತ್ತಿಕೊಂಡಿದೆ ನೋಡಿ. ಚಾಪೆ ಸುತ್ತಿದ ಹಾಗೆ ಒಂದೇ ಕಡೆಯಿಂದ ಸುತ್ತಿದೆಯಾ, ಅಥವಾ ಎರಡೂ ಅಂಚು ಒಳಕ್ಕೆ ಸುರುಳಿಯಾಗಿ ನಡುವಿನ ನರಕ್ಕೆ ಬಂದು ಸೇರಿವೆಯಾ?

ತೋಟದಮನೆ, ಅಕ್ಟೋಬರ್ 13
ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಹೋಗಿ ನೋಡಿದೆ. ನಡುವೆ ನರ ಸ್ಪಷ್ಟ ಇದೆ. ತುದಿ ನುಣುಪು, ಹಲ್ಲಿಲ್ಲ. ಬುಡದಲ್ಲಿ ತೊಟ್ಟಿದೆ, ಸ್ವಲ್ಪ ಕೆಂಪು ಛಾಯೆ. ಎಳೆ ಎಲೆ ಚಾಪೆ ಸುತ್ತಿದ ಹಾಗೇ ಇದೆ. ಮಗ ಬಿಚ್ಚಿ ತೋರಿಸಿದ, ಒಂದು ಅಂಚು ಇನ್ನೊಂದರ ಒಳಗೆ ಹೋಗಿತ್ತು.

ಸಸ್ಯಶಾಲೆ, ಅಕ್ಟೋಬರ್ 13
ಹಾಗಾದರೆ ವ್ಯಾಲಿಸ್ನೇರಿಯಾ ಅಲ್ಲ. ಇದು ಕೆಸುವಿನ ಕುಟುಂಬದ ಗಿಡ, ಕ್ರಿಪ್ಟೊಕೊರೈನ್. ನಮ್ಮ ಹಳ್ಳಗಳ ಬದಿಯಲ್ಲಿ ಇದರ ಹತ್ತಿರದ ನೆಂಟ ಲ್ಯಾಜೆನಾಂಡ್ರಾ ಕೂಡ ಇದೆ. ಹೂವಿಲ್ಲದಾಗ ಎರಡನ್ನೂ ಬೇರೆ ಮಾಡುವುದು ಎಳೆ ಎಲೆಯ ಸುರುಳಿಯಿಂದಲೇ. ಲ್ಯಾಜೆನಾಂಡ್ರಾ ಎರಡೂ ಕಡೆಯಿಂದ ಸುತ್ತಿಕೊಳ್ಳುತ್ತದೆ, ಕ್ರಿಪ್ಟೊಕೊರೈನ್ ಒಂದೇ ಕಡೆಯಿಂದ.

ಕ್ರಿಪ್ಟೊಕೊರೈನ್ ಅಂದರೆ ಗ್ರೀಕ್‌ನಲ್ಲಿ ಅಡಗಿದ ಗದೆ. ಕೆಸುವಿನ ಹೂವಲ್ಲಿ ಹಾಳೆಯಂಥ ಮುಸುಕಿನ ನಡುವೆ ಹಳದಿ ಕಡ್ಡಿ ನಿಂತಿರುತ್ತದಲ್ಲ, ಆ ಕಡ್ಡಿ ಇದರಲ್ಲಿ ಕೆಳಗಿನ ಗೂಡಿನೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಯಾವ ಜಾತಿ ಅಂತ ಹೇಳಲು ಹೂ ಬೇಕು. ನೀರು ಇನ್ನೂ ಇಳಿಯಲಿ, ಬುಡದಲ್ಲಿ ಹುಡುಕುತ್ತಿರಿ.

ಗಾಜಿನತೊಟ್ಟಿ, ಅಕ್ಟೋಬರ್ 13
ಸಸ್ಯಶಾಲೆ ಅಕ್ಕೋರೇ, ಬೇಸರ ಮಾಡಿಕೊಳ್ಳಬೇಡಿ. ನಾನು 11 ವರ್ಷದಿಂದ ಅಕ್ವೇರಿಯಂ ಇಟ್ಟಿದ್ದೇನೆ. ಅಂಗಡಿಯ ಕ್ರಿಪ್ಟೊಕೊರೈನ್ ಎಲೆ ಅಗಲ, ಕಂದು ಬಣ್ಣ. ಇದು ಹುಲ್ಲಿನ ಹಾಗಿದೆಯಲ್ಲ?

ಕಾಳಿತೀರ (ಕಾರವಾರ), ಅಕ್ಟೋಬರ್ 13
ಅಂಗಡಿಯಲ್ಲಿ ಜಾಸ್ತಿ ಸಿಗುವುದು ವೆಂಡ್ಟಿಐ ಅನ್ನುವ ಕ್ರಿಪ್ಟೊಕೊರೈನ್ ಜಾತಿ, ಅದು ಶ್ರೀಲಂಕಾದ್ದು. ನಮ್ಮ ಕಡೆಯವು ಕಿರಿದೆಲೆಯವು. ಹೊಳೆಯ ಬಂಡೆ ಸಂದಿಯಲ್ಲಿ ಬೇರು ಬಿಡುವುದು ರೆಟ್ರೊಸ್ಪೈರಾಲಿಸ್. ಮಳೆಗಾಲವಿಡೀ ರಭಸದ ನೀರಿನ ಅಡಿ ಇದ್ದು, ಬೇಸಗೆ ಕಡೆ ಹೂ ಬಿಡುತ್ತದೆ. ಗದ್ದೆ, ಕಾಲುವೆಯ ಕೆಸರಲ್ಲಿ ಸಿಗುವುದು ಹೆಚ್ಚಾಗಿ ಸ್ಪೈರಾಲಿಸ್. ಅಕ್ಕ ಹೇಳಿದ ಜಾಗ ನೋಡಿದರೆ ನನ್ನ ಮತ ಸ್ಪೈರಾಲಿಸ್‌ಗೆ.

ಈಗ ಕರಗಿದ ವಿಷಯ. ಅಕ್ಕ, ಗಿಡ ಸತ್ತಿಲ್ಲದೇ ಇರಬಹುದು. ಕ್ರಿಪ್ಟೊಕೊರೈನ್‌ಗೆ ನೀರು, ಬೆಳಕು, ಜಾಗ ಯಾವುದು ಬದಲಾದರೂ ಇದ್ದ ಎಲೆಯನ್ನೆಲ್ಲ ಕರಗಿಸಿಬಿಡುತ್ತದೆ. ಕೆಸರಲ್ಲಿ ಗಾಳಿಗೆ ಬೆಳೆದ ಎಲೆ ನೀರಿನಡಿ ಬದುಕುವುದಿಲ್ಲ. ಗಡ್ಡೆ ಗಟ್ಟಿ ಇದ್ದರೆ ಎರಡು ಮೂರು ವಾರದಲ್ಲಿ ನೀರಿಗೆ ಹೊಂದುವ ಹೊಸ ಎಲೆ ಬರುತ್ತದೆ. ಕಿತ್ತು ಬಿಸಾಡಿಲ್ಲ ತಾನೇ?

ತೋಟದಮನೆ, ಅಕ್ಟೋಬರ್ 13
ಮೂರನ್ನು ಗೊಬ್ಬರದ ಗುಂಡಿಗೆ ಹಾಕಿದೆ. ಒಂದನ್ನು ಮಗ ಬಿಡಲಿಲ್ಲ, ಅದು ಟ್ಯಾಂಕಲ್ಲೇ ಇದೆ. ಬುಡ ಬೆಳ್ಳಗೆ, ಗಟ್ಟಿ ಇದೆ.

ಕಾಳಿತೀರ, ಅಕ್ಟೋಬರ್ 13
ಹಾಗಾದರೆ ಅದನ್ನು ಮುಟ್ಟಬೇಡಿ. ದಿನಾ ನೀರು ಬದಲಿಸುವುದನ್ನು ಮೊದಲು ನಿಲ್ಲಿಸಿ. ಸ್ವಚ್ಛ ಮಾಡಿದಷ್ಟೂ ಅದಕ್ಕೆ ಹೊಸ ಊರಿಗೆ ಬಂದ ಹಾಗೆ. ವಾರಕ್ಕೊಮ್ಮೆ ಕಾಲು ಭಾಗ ಸಾಕು.

ಗದ್ದೆಬದಿ (ಅಂಕೋಲಾ), ಅಕ್ಟೋಬರ್ 14
ಕೆಳಗೆ ಒಣಗಿದ ಸಗಣಿ ಪುಡಿ ಹಾಕಿ ಮೇಲೆ ಮರಳು ಹಾಕಿ. ಏನು ಬೇಕಾದರೂ ಬೆಳೆಯುತ್ತದೆ.

ಗಾಜಿನತೊಟ್ಟಿ, ಅಕ್ಟೋಬರ್ 14
ಅಯ್ಯೋ, ಬೇಡ ಮಾರಾಯ್ರೇ! ನಾನು ಒಮ್ಮೆ ಹಾಗೆ ಮಾಡಿ ಇಡೀ ಟ್ಯಾಂಕು ಬಟಾಣಿ ಸೂಪಿನ ಹಾಗೆ ಹಸಿರಾಯಿತು. ಅಮೋನಿಯ ಏರಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ರಾತ್ರಿ 12 ಗಂಟೆಗೆ ಬಕೆಟ್ ಹಿಡಿದು ಮೀನುಗಳನ್ನು ಒಂದೊಂದಾಗಿ ತೆಗೆದೆ.

ಗದ್ದೆಬದಿ, ಅಕ್ಟೋಬರ್ 14
ನನ್ನದು ಅಂಗಳದ ಸಿಮೆಂಟ್ ತೊಟ್ಟಿ. ಅದರಲ್ಲಿ ನೈದಿಲೆ ಚೆನ್ನಾಗೇ ಬಂದಿದೆ.

ಕಾಳಿತೀರ, ಅಕ್ಟೋಬರ್ 14
ನೈದಿಲೆಯ ದೊಡ್ಡ ತೊಟ್ಟಿ ಬೇರೆ, 50 ಲೀಟರ್ ಗಾಜಿನ ಟ್ಯಾಂಕು ಬೇರೆ. ಕ್ರಿಪ್ಟೊಕೊರೈನ್ ಬೇರಿನಿಂದ ಉಣ್ಣುವ ಗಿಡ, ಆ ಮಾತು ಒಪ್ಪುತ್ತೇನೆ. ಬಿಳಿ ಕಲ್ಲಲ್ಲಿ ಅದಕ್ಕೆ ತಿನ್ನಲು ಏನೂ ಇಲ್ಲ. ಆದರೆ ಸಗಣಿ ಬೇಡ, ನಮ್ಮ ಜಂಬು ಮಣ್ಣು, ಅಂದರೆ ಜಂಬಿಟ್ಟಿಗೆ ಕಲ್ಲಿನ ಮಣ್ಣು ಸಾಕು. ಅದರಲ್ಲಿ ಕಬ್ಬಿಣ ತುಂಬಿದೆ. ಜರ್ಮನಿಯ ಅಕ್ವೇರಿಯಂ ಕಂಪನಿಗಳು ಇದೇ ಕೆಂಪು ಮಣ್ಣನ್ನು ಡಬ್ಬಿಯಲ್ಲಿ ತುಂಬಿ ಮಾರಿವೆ. ನಮ್ಮ ಅಂಗಳದಲ್ಲಿ ಬಿಟ್ಟಿ ಬಿದ್ದಿದೆ.

ಅಘನಾಶಿನಿದಡ, ಅಕ್ಟೋಬರ್ 14
ಜಂಬಿಟ್ಟಿಗೆ ಅಂದ ಕೂಡಲೇ ನೆನಪಾಯಿತು. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. ಕೇರಳದ ಅಂಗಡಿಪುರದಲ್ಲಿ ನೋಡಿದ ಕಲ್ಲಿಗೆ ಇಟ್ಟ ಹೆಸರು, 1807ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ಅದೇ ಪ್ರವಾಸದಲ್ಲಿ 1801ರಲ್ಲಿ ನಮ್ಮ ಜಿಲ್ಲೆಗೂ ಬಂದಿದ್ದ. ಅಡಿಕೆ, ಮೆಣಸಿನ ತೋಟಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ.

ಮಲೆಹಳ್ಳ, ಅಕ್ಟೋಬರ್ 14
ಒಳ್ಳೆ ಮಾಹಿತಿ. ಆದರೆ ಸಿಗಡಿ ಯಾಕೆ ಸತ್ತವು ಅಂತ ಯಾರೂ ಹೇಳಲೇ ಇಲ್ಲ. ಅಕ್ಕ, ತೋಟಕ್ಕೆ ಅಡಿಕೆ ಕೊಳೆರೋಗದ ಮದ್ದು ಯಾವಾಗ ಹೊಡೆಸಿದ್ದು?

ತೋಟದಮನೆ, ಅಕ್ಟೋಬರ್ 14
ಈ ವರ್ಷ ಮಳೆ ಬಿಡಲೇ ಇಲ್ಲ. ಮೂರು ಸಲ ಹೊಡೆಸಿದೆವು. ಕೊನೆಯದು ಸೆಪ್ಟೆಂಬರ್ ಮೊದಲ ವಾರ.

ಮಲೆಹಳ್ಳ, ಅಕ್ಟೋಬರ್ 14
ಹಾಗಾದರೆ ಮೊದಲು ಅನುಮಾನ ಪಡಬೇಕಾದದ್ದು ಅದನ್ನೇ. ಆ ಮದ್ದು ಬೋರ್ಡೊ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಅಡಿಕೆ ಗೊನೆಯಿಂದ ತೊಟ್ಟಿಕ್ಕಿದ್ದೆಲ್ಲ ಮಳೆಗೆ ಇಳಿದು ಬಸಿಗಾಲುವೆ ಸೇರುತ್ತದೆ, ಕೆಸರಲ್ಲಿ ಕೂರುತ್ತದೆ. ಗಿಡಕ್ಕೆ ಅಷ್ಟು ಏನೂ ಆಗುವುದಿಲ್ಲ. ಸಿಗಡಿ, ಬಸವನಹುಳುಗಳಿಗೆ ತಾಮ್ರ ಚೂರೇ ಚೂರು ಇದ್ದರೂ ವಿಷ. ಬೇರಿಗೆ ಅಂಟಿದ ಕೆಸರು ತೊಳೆಯದೆ ಹಾಕಿದ್ದಿರಾ?

ತೋಟದಮನೆ, ಅಕ್ಟೋಬರ್ 14
ಹೌದು. ಕೆಸರಿದ್ದರೆ ಬೇರಿಗೆ ಒಳ್ಳೆಯದು ಅಂದುಕೊಂಡೆ. ಮಗನಿಗೆ ಓದಿ ಹೇಳಿದೆ. "ಹಾಗಾದರೆ ಸಿಗಡಿ ನನ್ನಿಂದ ಸಾಯಲಿಲ್ಲ" ಅಂದ. ಇಷ್ಟು ದಿನ ತಾನು ಊಟ ಜಾಸ್ತಿ ಹಾಕಿ ಕೊಂದೆ ಅಂತ ಮನಸ್ಸಲ್ಲೇ ಇಟ್ಟುಕೊಂಡಿದ್ದ.

ಗದ್ದೆಬದಿ, ಅಕ್ಟೋಬರ್ 15
ಬೋರ್ಡೊ ಬೈಯಬೇಡಿ. ಅದಿಲ್ಲದಿದ್ದರೆ ಘಟ್ಟದ ಮೇಲೆ ಅಡಿಕೆ ಇರುತ್ತಿರಲಿಲ್ಲ.

ಮಲೆಹಳ್ಳ, ಅಕ್ಟೋಬರ್ 15
ಬೈದಿಲ್ಲ. ನಮ್ಮ ತೋಟಕ್ಕೂ ಹೊಡೆಸುತ್ತೇವೆ. ಮೈಸೂರು ಸಂಸ್ಥಾನದಲ್ಲಿದ್ದ ಸಸ್ಯರೋಗ ವಿಜ್ಞಾನಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ಬರೆದು ಬೋರ್ಡೊ ಬಳಕೆಗೆ ತಂದವರು. ಮದ್ದು ತೋಟಕ್ಕೆ ಇರಲಿ, ಆ ಕೆಸರು ಮೀನಿನ ಟ್ಯಾಂಕಿಗೆ ಬೇಡ. ನಾನು ಹೇಳಿದ್ದು ಅಷ್ಟೇ.

ಜಲಸಸ್ಯಪ್ರಿಯ, ಅಕ್ಟೋಬರ್ 19
ಮೇಡಂ, ನಿಮ್ಮ ಕಾಲುವೆಯಲ್ಲಿ ಎಷ್ಟು ಗಿಡ ಇರಬಹುದು? ಬೇರು ಸಮೇತ 200 ಕಳಿಸಿದರೆ ಒಂದಕ್ಕೆ 15 ರೂಪಾಯಿ ಕೊಡುತ್ತೇನೆ. ಬೆಂಗಳೂರಲ್ಲಿ ಕಾಡಿನ ಗಿಡಕ್ಕೆ ಒಳ್ಳೆ ಬೇಡಿಕೆ ಇದೆ. ಹೊಳೆಯ ಬಂಡೆಯದು ಸಿಕ್ಕರೆ ಇನ್ನೂ ಜಾಸ್ತಿ.

ಸಸ್ಯಶಾಲೆ, ಅಕ್ಟೋಬರ್ 19
ದಯವಿಟ್ಟು ಈ ವ್ಯಾಪಾರ ಇಲ್ಲಿ ಬೇಡ. ಮೀಸಲು ಅರಣ್ಯದೊಳಗಿನ ಹಳ್ಳದಿಂದ ಗಿಡ ತೆಗೆಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಅಭಯಾರಣ್ಯದೊಳಗಾದರೆ 1972ರ ವನ್ಯಜೀವಿ ಕಾಯ್ದೆಯೂ ಬರುತ್ತದೆ. ಕಾನೂನು ಒಂದು ಕಡೆ ಇರಲಿ. ಇದು ವಾರದಲ್ಲಿ ಹಬ್ಬುವ ಗಿಡ ಅಲ್ಲ. ಮಣ್ಣಿನಡಿ ಗಡ್ಡೆಯಿಂದ ಒಂದೊಂದೇ ಮರಿ ಒಡೆದು ನಿಧಾನವಾಗಿ ಚಾಪೆಯಾಗುತ್ತದೆ. 200 ಕಿತ್ತರೆ ಆ ಕಾಲುವೆ ಬರಿದಾಗುತ್ತದೆ.

ಜಲಸಸ್ಯಪ್ರಿಯ, ಅಕ್ಟೋಬರ್ 19
ಅವರ ಸ್ವಂತ ಜಮೀನಲ್ಲವೇ? ಗದ್ದೆ ಹೂಳು ತೆಗೆಯುವಾಗ ಹೇಗೂ ಕಿತ್ತು ಬಿಸಾಡುತ್ತಾರೆ.

ತೋಟದಮನೆ, ಅಕ್ಟೋಬರ್ 20
ನಮ್ಮ ಜಮೀನೇ. ಹೂಳು ತೆಗೆಯುವುದೂ ನಿಜ. ಈ ಸಲ ಹೂಳು ತೆಗೆಯುವಾಗ ಆ ಎರಡು ಮಾರು ಜಾಗ ಬಿಡಿ ಅಂತ ಮನೆಯವರಿಗೆ ಹೇಳಿದ್ದೇನೆ. ಮಾರುವುದಿಲ್ಲ.

ಅಘನಾಶಿನಿದಡ, ಅಕ್ಟೋಬರ್ 20
ಅಕ್ಕ, ಒಳ್ಳೆ ಕೆಲಸ. ಇದರ ಉಲ್ಟಾನೂ ಹೇಳುತ್ತೇನೆ. ನಮ್ಮ ಕಡೆ ಒಂದು ಊರಿನ ಕೆರೆಗೆ ಯಾರೋ ಬೇಡವಾದ ಅಕ್ವೇರಿಯಂ ಗಿಡ ಸುರಿದು ಹೋದರು. ಸಾಲ್ವಿನಿಯಾ, ನೀರಿನ ಮೇಲೆ ತೇಲುವ ಗಿಡ. ಮೊದಲ ವರ್ಷ ಮೂಲೆಯಲ್ಲಿ ಹಸಿರು ಕಂಡಾಗ ಚೆಂದ ಅಂದರು. ಎರಡನೇ ವರ್ಷ ದನಗಳಿಗೆ ನೀರು ಕುಡಿಯಲೂ ಜಾಗ ಇರಲಿಲ್ಲ. ಊರವರೆಲ್ಲ ಸೇರಿ ನಾಲ್ಕು ಭಾನುವಾರ ಎಳೆದೆವು. ಒಂದು ಚೂರು ಉಳಿದರೂ ಮತ್ತೆ ಹಬ್ಬುತ್ತದೆ. ಅದು ಬ್ರೆಜಿಲ್ ಕಡೆಯ ಗಿಡ, ಇಲ್ಲಿ ಅದನ್ನು ತಿನ್ನುವವರು ಇರಲಿಲ್ಲ. 1980ರ ದಶಕದಲ್ಲಿ ಬ್ರೆಜಿಲ್ ಮೂಲದ್ದೇ ಆದ ಎರಡು ಮಿ.ಮೀ. ಉದ್ದದ ಒಂದು ಮೂತಿಹುಳುವನ್ನು ಬಿಟ್ಟ ಮೇಲೆ ಕೇರಳದಲ್ಲಿ ಸ್ವಲ್ಪ ಹತೋಟಿಗೆ ಬಂತು. ಟ್ಯಾಂಕಿನ ಗಿಡ ಬೇಡವಾದರೆ ಬಿಸಿಲಿಗೆ ಒಣಗಿಸಿ ಗೊಬ್ಬರಕ್ಕೆ ಹಾಕಿ. ಹಳ್ಳಕ್ಕೆ, ಕೆರೆಗೆ ಮಾತ್ರ ಬೇಡ.

ಗದ್ದೆಬದಿ, ಅಕ್ಟೋಬರ್ 20
ಕೆಸುವಿನ ಜಾತಿ ಅಂದಿರಿ. ಪತ್ರೊಡೆ ಮಾಡಬಹುದಾ?

ಸಸ್ಯಶಾಲೆ, ಅಕ್ಟೋಬರ್ 20
ಖಂಡಿತ ಬೇಡ. ಕೆಸುವಿನಲ್ಲಿ ಬಾಯಿ ತುರಿಸುವ ಸೂಜಿಯಂಥ ಹರಳುಗಳು ಈ ಕುಟುಂಬದ ಗಿಡಗಳಲ್ಲಿ ಸಾಮಾನ್ಯ. ಲ್ಯಾಜೆನಾಂಡ್ರಾದ ಒಂದು ಜಾತಿಯ ಹೆಸರೇ ಟಾಕ್ಸಿಕೇರಿಯಾ, ಅಂದರೆ ವಿಷದ್ದು. ಗಡ್ಡೆ ಕತ್ತರಿಸಿದ ಮೇಲೆ ಮಕ್ಕಳು ಕೈ ತೊಳೆಯಲಿ.

ಕಾಳಿತೀರ, ಅಕ್ಟೋಬರ್ 22
ಬೆಳೆಸುವ ಬಗ್ಗೆ ಅಕ್ಕ ಖಾಸಗಿಯಾಗಿ ಕೇಳಿದ್ದರು. ಎಲ್ಲರಿಗೂ ಇರಲಿ ಅಂತ ಇಲ್ಲೇ ಬರೆಯುತ್ತೇನೆ. ನಾನು ಮಾಡುವ ರೀತಿ ಇದು.

ಒಂದು ಗಿಡ ಸಾಕು. ಗಡ್ಡೆಯಿಂದ ಪಕ್ಕಕ್ಕೆ ಒಡೆದ ಮರಿಯನ್ನು ಬ್ಲೇಡಿನಿಂದ ಬಿಡಿಸಿ, ತಾಯಿ ಗಿಡ ಅಲ್ಲೇ ಇರಲಿ. ಬೇರನ್ನು ನಾಲ್ಕೈದು ನೀರಲ್ಲಿ ತೊಳೆಯಿರಿ. ಒಂದು ಸಣ್ಣ ಮಣ್ಣಿನ ಕುಡಿಕೆಗೆ ಮದ್ದು ತಾಗದ ಕಡೆಯ ಜಂಬು ಮಣ್ಣು ಎರಡು ಬೆರಳಷ್ಟು, ಮೇಲೆ ತೊಳೆದ ಮರಳು ಎರಡು ಬೆರಳಷ್ಟು. ಬೇರು ಮಾತ್ರ ಮಣ್ಣೊಳಗೆ ಇರಬೇಕು. ಎಲೆ ಹುಟ್ಟುವ ಕುತ್ತಿಗೆ ಮರಳಿನಿಂದ ಮೇಲಿರಲಿ. ಅದನ್ನು ಹೂತರೆ ಕೊಳೆಯುತ್ತದೆ. ನಾನೂ ಮೊದಲು ಎರಡು ಗಿಡ ಹೀಗೇ ಕಳೆದುಕೊಂಡೆ.

ನೇರ ನೀರಲ್ಲಿ ಮುಳುಗಿಸಬೇಡಿ. ಕುಡಿಕೆಯನ್ನು ಬಟ್ಟಲಲ್ಲಿಟ್ಟು ಬಾಯಿಮಟ್ಟಕ್ಕೆ ನೀರು ತುಂಬಿ, ಮೇಲೆ ಪಾರದರ್ಶಕ ಡಬ್ಬಿ ಬೋರಲು ಹಾಕಿ. ನೆರಳಿರಲಿ. ಹೊಸ ಎಲೆ ಬಂದ ಮೇಲೆ ವಾರಕ್ಕೆ ಎರಡು ಬೆರಳಿನಂತೆ ನೀರು ಏರಿಸಿ. ಒಂದು ತಿಂಗಳಲ್ಲಿ ಪೂರ್ತಿ ಮುಳುಗುತ್ತದೆ, ಆಗ ಟ್ಯಾಂಕಿಗೆ ಇಳಿಸಿ.

ಲೈಟು ದಿನಕ್ಕೆ ಆರೇಳು ಗಂಟೆ. ಜಾಸ್ತಿ ಆದರೆ ಎಲೆ ಮೇಲೆ ಪಾಚಿ ಕೂರುತ್ತದೆ. ಕಿಟಕಿ ಬಿಸಿಲು ಬೇಡ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಗಿಲಿಂಡರ್ ಏನೂ ಬೇಡ.

ನೀರಿನ ಗೋಳು ನಮ್ಮ ಕಡಲ ಬದಿಯವರಿಗೆ. ಏಪ್ರಿಲ್ ಬಂತೆಂದರೆ ನಮ್ಮ ಬಾವಿ ನೀರು ಉಪ್ಪು. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟರೆ 700 ದಾಟುತ್ತದೆ. ಹಾಗಾಗಿ ಆಗಸ್ಟಿನಲ್ಲೇ ಎರಡು ಡ್ರಮ್ ಮಳೆ ನೀರು ಹಿಡಿದು ಮುಚ್ಚಿಡುತ್ತೇನೆ, ಬೇಸಗೆಯಿಡೀ ಅರ್ಧಕ್ಕರ್ಧ ಬೆರೆಸುತ್ತೇನೆ. ಅಕ್ಕ, ನಿಮ್ಮಲ್ಲಿ ಅಬ್ಬಿ ನೀರು ಇಲ್ಲವಾ?

ತೋಟದಮನೆ, ಅಕ್ಟೋಬರ್ 22
ಇದೆ. ಗುಡ್ಡದಿಂದ ಪೈಪಲ್ಲಿ ಕೊಟ್ಟಿಗೆಗೆ ಬರುತ್ತದೆ. ದನಕ್ಕೆ ಬರುವ ನೀರು ಅಂತ ಅಕ್ವೇರಿಯಂಗೆ ಹಾಕಿರಲಿಲ್ಲ.

ಕಾಳಿತೀರ, ಅಕ್ಟೋಬರ್ 22
ಅಕ್ಕ, ಆ ನೀರಿಗಾಗಿ ನಾನು ಡ್ರಮ್ ಹೊತ್ತುಕೊಂಡು ಘಟ್ಟ ಹತ್ತಲು ತಯಾರಿದ್ದೇನೆ! ಅದನ್ನೇ ಹಾಕಿ.

ಮಲೆಹಳ್ಳ, ಅಕ್ಟೋಬರ್ 23
ಮಗನಿಗೆ ಸಿಗಡಿ ಬದಲು ಹಳ್ಳದ ಮೀನು ತೋರಿಸಿ. ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಇರುವ ಸಣ್ಣ ಮೀನು, ನೀರಿನ ಮೇಲ್ಮೈಯಲ್ಲೇ ನಿಂತಿರುತ್ತದೆ. ಸೊಳ್ಳೆ ಮರಿಗಳನ್ನು ತಿನ್ನುತ್ತದೆ. ನಾಲ್ಕು ಇದ್ದರೆ ಸಾಕು. ಟ್ಯಾಂಕಿಗೆ ಮುಚ್ಚಳ ಇರಲಿ, ಹಾರುತ್ತವೆ.

ತೋಟದಮನೆ, ನವೆಂಬರ್ 9
ಹೂ ಬಂತು! ಫೋಟೊ ಹಾಕಿದ್ದೇನೆ.

ಮೂರು ವಾರದಿಂದ ಮಗ ಶಾಲೆಯಿಂದ ಬಂದವನೇ ಕಾಲುವೆಗೆ ಹೋಗುತ್ತಿದ್ದ. ಇವತ್ತು ಕೂಗಿ ಕರೆದ. ಎಲೆ ಸರಿಸಿದರೆ ಕೆಸರಿಗೆ ತಾಗಿಕೊಂಡೇ ಒಂದು ಮೊಗ್ಗು ಬಿರಿದಿತ್ತು. ಬೆರಳುದ್ದ ಇದೆ. ಹೊರಗೆ ಹಸಿರು ಮಿಶ್ರಿತ ಕಂದು. ಬಾಯಿ ತೆರೆದ ಭಾಗ ಒಂದು ಸುತ್ತು ತಿರುಚಿಕೊಂಡಿದೆ, ಒಳಗೆ ಕಪ್ಪು ಕೆಂಪು, ಬೀಟ್‌ರೂಟ್ ಕೊಯ್ದ ಹಾಗೆ. ಆ ಕೆಂಪಿನ ಮೇಲೆ ಅಡ್ಡಡ್ಡ ಏಣುಗಳು ಸಾಲಾಗಿ ಎದ್ದಿವೆ. ಬೆರಳು ಸವರಿದರೆ ತುರಿಮಣೆ ಸವರಿದ ಹಾಗೆ. ಬಾಡಿದ ಇನ್ನೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆವು. ಬುಡದಲ್ಲಿ ಕಡಲೆಕಾಳಿನಷ್ಟು ಗೂಡು. ಅದರೊಳಗೆ ಕಡ್ಡಿ, ಅದರ ಪಕ್ಕ ಎರಡು ಸತ್ತ ನೊಣ, ಸಾಸಿವೆಗಿಂತ ಸಣ್ಣವು.

ಸಸ್ಯಶಾಲೆ, ನವೆಂಬರ್ 9
ಎಷ್ಟು ಚೆಂದ ನೋಡಿದ್ದೀರಿ! ಇನ್ನೊಂದೇ ಪ್ರಶ್ನೆ. ಆ ಗೂಡಿಗೂ ಮೇಲಿನ ಕೆಂಪು ಭಾಗಕ್ಕೂ ನಡುವೆ ಕೊಳವೆ ಇದೆಯಾ?

ತೋಟದಮನೆ, ನವೆಂಬರ್ 9
ಇಲ್ಲ. ಗೂಡು ಮುಗಿದಲ್ಲೇ ಕೆಂಪು ಶುರು.

ಸಸ್ಯಶಾಲೆ, ನವೆಂಬರ್ 9
ಸ್ಪೈರಾಲಿಸ್. ಸಂಶಯ ಬೇಡ. ಉಳಿದ ಕ್ರಿಪ್ಟೊಕೊರೈನ್‌ಗಳಲ್ಲಿ ನಡುವೆ ಕೊಳವೆ ಇರುತ್ತದೆ, ಹಾಗಾಗಿ ನೀರು ಸ್ವಲ್ಪ ಇದ್ದರೂ ಬಾಯಿ ಮೇಲೆ ಬರುತ್ತದೆ. ಇದಕ್ಕೆ ಆ ಕೊಳವೆ ಇಲ್ಲ, ಅದಕ್ಕೇ ನೀರು ಇಳಿಯುವವರೆಗೆ ಕಾಯುತ್ತದೆ. 1830ರಲ್ಲಿ ಈ ಕುಲಕ್ಕೆ ಹೆಸರು ಅಚ್ಚಾದಾಗ ಮಾದರಿಯಾಗಿ ನಿಂತದ್ದು ಇದೇ ಜಾತಿ. ಕಂದು ಕೆಂಪು ಬಣ್ಣ ಮತ್ತು ವಾಸನೆಗೆ ನೊಣ ಬಂದು ಗೂಡಿಗೆ ಬೀಳುತ್ತದೆ. ಮೊದಲು ಹೆಣ್ಣು ಹೂ ಪಕ್ವವಾಗುತ್ತದೆ, ಆಮೇಲೆ ಗಂಡು ಹೂ ಪರಾಗ ಬಿಡುತ್ತದೆ. ಮೈಗೆ ಪರಾಗ ಅಂಟಿಸಿಕೊಂಡ ನೊಣ ಹೊರಬಿದ್ದು ಇನ್ನೊಂದು ಹೂವಿಗೆ ಹೋಗುತ್ತದೆ.

ಗಾಜಿನತೊಟ್ಟಿ, ನವೆಂಬರ್ 10
ಅಕ್ಕೋರೇ, ನನ್ನದು ತಪ್ಪು. 11 ವರ್ಷದಲ್ಲಿ ಒಂದು ಕ್ರಿಪ್ಟೊಕೊರೈನ್ ಹೂವನ್ನೂ ನೋಡಿರಲಿಲ್ಲ. ನನ್ನ ಟ್ಯಾಂಕಲ್ಲಿ ಅದು ಯಾವಾಗಲೂ ಒಂದಡಿ ನೀರಿನಡಿ. ತೋಟದಮನೆಯವರೇ, ಭಾನುವಾರ ಬಂದರೆ ತೋರಿಸುತ್ತೀರಾ? ಏನೂ ಕೀಳುವುದಿಲ್ಲ, ನೋಡಿ ಹೋಗುತ್ತೇನೆ.

ತೋಟದಮನೆ, ನವೆಂಬರ್ 10
ಬನ್ನಿ, ಊಟಕ್ಕೆ ಇಲ್ಲೇ ಇರಿ. ಇನ್ನೂ ಎರಡು ಮೊಗ್ಗು ಇವೆ. ಜಿಗಣೆ ಇನ್ನೂ ಇದೆ, ಕಾಲಿಗೆ ಸುಣ್ಣ ಹಚ್ಚಿಕೊಂಡೇ ಕಾಲುವೆಗೆ ಇಳಿಯಬೇಕು.

ಹೇಳಲು ಮರೆತೆ. ಟ್ಯಾಂಕಲ್ಲಿ ಮಗ ಬಿಡದೆ ಉಳಿಸಿಕೊಂಡಿದ್ದ ಆ ಬೋಳು ಗಡ್ಡೆ ನೆನಪಿದೆಯಲ್ಲ? ಅಬ್ಬಿ ನೀರು ಹಾಕಿ ಹದಿನೆಂಟು ದಿನ ಆಯಿತು. ಇವತ್ತು ಬೆಳಿಗ್ಗೆ ನೋಡಿದರೆ ಕುತ್ತಿಗೆಯಿಂದ ಎರಡು ಸೂಜಿ ಬಂದಿವೆ. ಒಂದು ಆಗಲೇ ಬಿಚ್ಚುತ್ತಿದೆ, ಚಾಪೆ ಬಿಚ್ಚಿದ ಹಾಗೆ.